ಮುಳುಗಡೆಯ ಗೆರೆ, ಪೇಟೆಯ ಹಟ

ಬಾಗಲಕೋಟೆಯಲ್ಲಿ ಯಾವ ಓಣಿ ಉಳಿಯಬೇಕು, ಯಾವುದು ಏಳಬೇಕು ಎಂಬುದನ್ನು ನಿಶ್ಚಯಿಸಿದ್ದು ನಗರಸಭೆಯ ಠರಾವಲ್ಲ, ಸಮುದ್ರಮಟ್ಟದಿಂದ ಅಳೆದ ಎತ್ತರ. 521 ಮೀಟರ್, 523 ಮೀಟರ್, 525 ಮೀಟರ್. ಈ ಮೂರು ಅಂಕಿಗಳು ಇಲ್ಲಿನ ಮನೆಮಾತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ತನ್ನ ಮನೆ ಯಾವ ಅಂಕಿಯ ಕೆಳಗೆ ಬರುತ್ತದೆ ಎಂಬುದು ಗೊತ್ತಿರುವ ಊರಿದು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ಬಂದಾಗ ನೀರು ಎಲ್ಲಿಯವರೆಗೆ ಮುಟ್ಟೀತು ಎಂಬ ಲೆಕ್ಕವೇ ಊರಿನ ವಲಯ ನಕ್ಷೆಯಾಯಿತು.

ಅದಕ್ಕೂ ಮೊದಲು ಊರಿಗೆ ತನ್ನದೇ ನಕ್ಷೆ ಇತ್ತು. ಅದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳೇ ಯಾವುದು ಹಳತು, ಯಾವುದು ಆಮೇಲೆ ಬೆಳೆದದ್ದು ಎಂದು ಹೇಳಿಬಿಡುತ್ತವೆ. 1818ರಲ್ಲಿ ಬ್ರಿಟಿಷ್ ಸೇನಾನಿ ಮನ್ರೋ ಪೇಶ್ವೆಯವರ ಕಡೆಯಿಂದ ಊರನ್ನು ವಶಪಡಿಸಿಕೊಂಡ ಮೇಲೆ ಬಾಗಲಕೋಟೆ ನೇರವಾಗಿ ಬ್ರಿಟಿಷ್ ಆಡಳಿತಕ್ಕೆ ಸೇರಿತು. 1865ರಲ್ಲಿ ಪುರಸಭೆ ಬಂತು. 1884ರಲ್ಲಿ ಗದಗ-ಹೊಟಗಿ ರೈಲುದಾರಿ ಬಂದು ಹತ್ತಿ, ಜೋಳ, ಬಟ್ಟೆಯ ವ್ಯಾಪಾರಕ್ಕೆ ಹೊಸ ಹಾದಿ ತೆರೆಯಿತು. ಒಂದಕ್ಕೊಂದು ಗೋಡೆ ತಾಗಿಸಿ ನಿಂತ ಮಾಳಿಗೆ ಮನೆಗಳು, ಕೆಳಗೆ ಅಂಗಡಿ, ಒಳಗೆ ಸಂಸಾರ, ಹಿಂದೆ ಕಣಜ. ವಾಸ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲಾಗದ ಊರು.

ಆ ಪೇಟೆಗಳ ಕಟ್ಟು ಎಷ್ಟು ಗಟ್ಟಿ ಎಂಬುದನ್ನು ನೋಡಲು ಹೋಳಿ ಹುಣ್ಣಿಮೆಗೆ ಬರಬೇಕು. ಬಾಗಲಕೋಟೆಯ ಬಣ್ಣದಾಟ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಇಂಥ ದಿನ ಇಂಥ ಪೇಟೆಯವರ ಸರದಿ ಎಂಬ ಕಟ್ಟಳೆ ಇದೆ. ಹಲಗೆಯ ಸದ್ದಿನ ಹಿಂದೆ ಬ್ಯಾರಲ್ ತುಂಬಿದ ಬಣ್ಣದ ಬಂಡಿಗಳು ಹೊರಡುತ್ತವೆ. ಯಾವ ಕಾಯ್ದೆಯೂ ಈ ಪೇಟೆಗಳ ಮೇರೆಯನ್ನು ಕಾಯುವುದಿಲ್ಲ. ಕಾಯುವುದು ಜನರ ನೆನಪು.

ಸುತ್ತಲಿನ ಊರುಗಳ ಚರಿತ್ರೆ ಬೇರೆ. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು. ಅಲ್ಲೆಲ್ಲ ರಸ್ತೆ, ಶಾಲೆ, ಸಂತೆಯ ಮಾತು ಅರಮನೆಯಲ್ಲೇ ತೀರ್ಮಾನವಾಗಬೇಕಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಬಂತು. 1964ರ ಪುರಸಭೆ ಕಾಯ್ದೆ ಅರಮನೆಯ ಊರನ್ನೂ ಪೇಟೆಯ ಊರನ್ನೂ ಒಂದೇ ಅಳತೆಗೆ ತಂದಿತು. ಹೀಗೆ ತಂದದ್ದರಲ್ಲಿ ಒಂದು ಕಷ್ಟವೂ ಇತ್ತು. ರಬಕವಿ-ಬನಹಟ್ಟಿಯ ನೇಕಾರನ ಮನೆಗೆ ಹೋದರೆ ಪಡಸಾಲೆಯಲ್ಲೇ ಮಗ್ಗ. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಅದೇ ಪದ್ಧತಿ. ಅದು ಮನೆಯೋ ಕಾರ್ಖಾನೆಯೋ? ವಾಸಕ್ಕೊಂದು ವಲಯ, ಉದ್ಯಮಕ್ಕೊಂದು ವಲಯ ಎಂದು ಬಣ್ಣ ಹಚ್ಚುವ ನಕ್ಷೆಗೆ ಇಂಥ ಊರು ಒಗ್ಗುವುದೇ ಇಲ್ಲ. ಒಗ್ಗಿಸಹೋದರೆ ನೇಕಾರ ಊರು ಬಿಡಬೇಕಾಗುತ್ತದೆ.

ಪುರಸಭೆ ಕಾಯ್ದೆಯ ಅದೇ 1964ರಲ್ಲಿ, ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲಿಟ್ಟರು. ಆಗ ಅವರು ಪ್ರಧಾನಿಯಾಗಿರಲಿಲ್ಲ. ಹದಿನೆಂಟು ದಿನಗಳ ನಂತರ ಆದರು. ಅಡಿಗಲ್ಲಿನಿಂದ ನೀರು ನಿಲ್ಲುವವರೆಗೆ ಹಿಡಿದದ್ದು ನಾಲ್ಕು ದಶಕ. ಅಷ್ಟು ವರ್ಷವೂ ಬಾಗಲಕೋಟೆ ‘ಮುಳುಗಡೆ ನಗರಿ’ ಎಂಬ ಹೆಸರು ಹೊತ್ತು ಬದುಕಿತು. ಮುಳುಗುತ್ತದೆ ಎಂದು ಗೊತ್ತಿರುವ ಮನೆಗೆ ಯಾರು ಗಿಲಾವು ಮಾಡಿಸುತ್ತಾರೆ? ಹೋಗುವ ಓಣಿಗೆ ಯಾರು ಹೊಸ ಗಟಾರ ಕೇಳುತ್ತಾರೆ, ಕೇಳಿದರೂ ಯಾರು ಹಣ ಕೊಡುತ್ತಾರೆ? ನೀರಿಗಿಂತ ಮೊದಲು ಊರನ್ನು ಸವೆಸಿದ್ದು ಈ ಕಾಯುವಿಕೆ. ಪರಿಹಾರದ ಯಾವ ಪಟ್ಟಿಯಲ್ಲೂ ಅದಕ್ಕೊಂದು ಕಾಲಮ್ಮು ಇರಲಿಲ್ಲ.

ಹೊಸ ಊರು ಕಟ್ಟಲೆಂದೇ ಸರ್ಕಾರ 1983ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಅದರಿಂದ ಹುಟ್ಟಿದ್ದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಬಿಟಿಡಿಎ. ಹೊಸ ಬಾಗಲಕೋಟೆಯ ಯೋಜನೆಯಲ್ಲಿ ದೇಶದ ದೊಡ್ಡ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಕೈಜೋಡಿಸಿದರು. ಎಪ್ಪತ್ತರ ದಶಕದ ಮೊದಲರ್ಧದಲ್ಲಿ ನವೀ ಮುಂಬೈಯ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು ಅವರು. ಹಳೆ ಊರಿನಿಂದ ಗದ್ದನಕೇರಿ ಕ್ರಾಸಿನ ದಿಕ್ಕಿಗೆ, ಎತ್ತರದ ನೆಲದಲ್ಲಿ ನವನಗರ ಎದ್ದಿತು. ಓಣಿಯ ಜಾಗದಲ್ಲಿ ಸೆಕ್ಟರ್, ಹೆಸರಿನ ಜಾಗದಲ್ಲಿ ಸಂಖ್ಯೆ, ಅಗಲ ರಸ್ತೆ, ನಡುನಡುವೆ ಉದ್ಯಾನಕ್ಕೆ ಬಿಟ್ಟ ಜಾಗ. 521 ಮೀಟರ್‌ವರೆಗಿನವರಿಗೆ ಮೊದಲ ಹಂತ, 523ರವರೆಗಿನವರಿಗೆ ಎರಡನೆಯದು, 525ರವರೆಗೆ ಮೂರನೆಯದು. ಜಲಾಶಯದ ನೀರಿನ ಮಟ್ಟಕ್ಕಿಂತ ಈ ಅಂಕಿಗಳು ಮೇಲಿರಲು ಕಾರಣವಿದೆ. ನೆರೆ ಬಂದಾಗ ಅಣೆಕಟ್ಟಿನಿಂದ ದೂರ ಹೋದಂತೆ ಹಿನ್ನೀರು ಉಬ್ಬಿ ನಿಲ್ಲುತ್ತದೆ.

ಪ್ರಾಧಿಕಾರದ ಒಂದು ನಿರ್ಧಾರವನ್ನು ಮೆಚ್ಚಲೇಬೇಕು. ಸೈಟು ಕೊಡುವಾಗ ಮನೆ ಮಾಲೀಕರನ್ನಷ್ಟೇ ಲೆಕ್ಕಕ್ಕೆ ಹಿಡಿಯಲಿಲ್ಲ. ‘ಬಾಡಿಗೆದಾರ ಸಂತ್ರಸ್ತರು’ ಎಂಬ ವರ್ಗವನ್ನೂ ಗುರುತಿಸಿತು. ಸ್ವಂತ ಗೋಡೆ ಇಲ್ಲದವನಿಗೂ ಊರು ಮುಳುಗಿದರೆ ನಷ್ಟವಾಗುತ್ತದೆ ಎಂದು ಒಪ್ಪಿಕೊಂಡ ಪುನರ್ವಸತಿ ನಮ್ಮ ದೇಶದಲ್ಲಿ ಅಪರೂಪ. ಪಟ್ಟಿಗೆ ಹೆಸರು ಸೇರಿಸಲು, ಹಕ್ಕುಪತ್ರ ಕೈಗೆ ಸಿಗಲು ಜನ ಪಟ್ಟ ಪಾಡು ಬೇರೆ ಕತೆ. ಆದರೆ ತತ್ತ್ವ ಸರಿಯಿತ್ತು.

ಮನೆಗಳು ಹೋದವು, ಕಚೇರಿಗಳು ಹೋದವು. 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದಾಗ ಜಿಲ್ಲಾಡಳಿತ ನವನಗರದಲ್ಲೇ ನೆಲೆಯಾಯಿತು. ಇದಕ್ಕಿಂತ ದೊಡ್ಡ ಆಸರೆ ಹೊಸ ಊರಿಗೆ ಬೇರೆ ಸಿಗುವಂತಿರಲಿಲ್ಲ. ಆದರೆ ಪೇಟೆ ಮಾತ್ರ ಜಗ್ಗಲಿಲ್ಲ. ಕಿಲ್ಲಾದ ಬಹುಭಾಗ ಖಾಲಿಯಾಯಿತು, ನದಿಯ ಕಡೆಯ ಓಣಿಗಳು ನೆಲಸಮವಾದವು. ವಲ್ಲಭಭಾಯಿ ಚೌಕದ ಸುತ್ತಲಿನ ಬಟ್ಟೆ, ಬಂಗಾರ, ಕಿರಾಣಿಯ ವ್ಯಾಪಾರ ಮಾತ್ರ ಅಲ್ಲೇ ನಿಂತಿತು.

ಏಕೆ? ಮಧ್ಯಪ್ರದೇಶದ ಹರಸೂದ್ 2004ರಲ್ಲಿ ಇಂದಿರಾ ಸಾಗರದ ನೀರಿಗಾಗಿ ಪೂರ್ತಿ ಎದ್ದುಹೋಯಿತು. ಅದರ ಹಿಂದೆಯೇ ಗಂಗೆಯ ಮೇಲ್ಸೀಮೆಯ ಹಳೆ ಟೆಹರಿಯೂ ಹೋಯಿತು. ಅಲ್ಲಿ ಹಳೆ ಪೇಟೆಯೇ ಉಳಿಯಲಿಲ್ಲ, ಹೊಸದನ್ನು ಒಪ್ಪದೆ ಗತಿಯಿರಲಿಲ್ಲ. ಬಾಗಲಕೋಟೆ ಅರ್ಧ ಮುಳುಗಿತು, ಅರ್ಧ ಉಳಿಯಿತು. ಉಳಿದ ಅರ್ಧದಲ್ಲೇ ಪೇಟೆಯ ಹೃದಯವಿತ್ತು. ಪಕ್ಕದಂಗಡಿಯವನ ಉದ್ರಿ, ಎದುರಿನವನ ಗಿರಾಕಿ, ಮೂಲೆಯ ದಲಾಲಿಯ ನಂಬಿಕೆ ಇವೆಲ್ಲ ಕೂಡಿ ನಡೆಯುವುದು ಪೇಟೆ. ಅದರಲ್ಲಿ ನಾಲ್ಕು ಜನರಿಗೆ ಒಂದು ಸೆಕ್ಟರಿನಲ್ಲಿ, ಇನ್ನು ನಾಲ್ವರಿಗೆ ಮತ್ತೊಂದರಲ್ಲಿ ಮಳಿಗೆ ಕೊಟ್ಟರೆ ಯಾರ ವ್ಯಾಪಾರವೂ ಕುದುರುವುದಿಲ್ಲ. ಅದು ವರ್ತಕರಿಗೆ ತಿಳಿದಿತ್ತು. ಯೋಜನೆ ಬರೆದವರು ಮನೆಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಈ ಸಂಬಂಧಗಳನ್ನು ಎಣಿಸಲಿಲ್ಲ.

ಹೀಗಾಗಿ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಕಬ್ಬು ಬೆಳೆಗಾರ ಜಿಲ್ಲಾ ಕೇಂದ್ರಕ್ಕೆ ಬಂದರೆ ಎರಡು ಊರು ಸುತ್ತಬೇಕು. ಜಿಲ್ಲಾಧಿಕಾರಿ ಕಚೇರಿಯ ಕೆಲಸ ನವನಗರದಲ್ಲಿ, ಮಗಳ ಮದುವೆಯ ಜವಳಿ ಹಳೆ ಬಾಗಲಕೋಟೆಯಲ್ಲಿ. ನಡುವೆ ವಿದ್ಯಾಗಿರಿ. ಅಲ್ಲಿ 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳಿವೆ. ಸಂಘದ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ, ಆಲಮಟ್ಟಿಯ ಅಡಿಗಲ್ಲಿಗೂ ಒಂದು ವರ್ಷ ಮೊದಲು. ಯಾವ ಪ್ರಾಧಿಕಾರದ ನಕ್ಷೆಗೂ ಕಾಯದೆ, ಕಾಲೇಜಿನ ಬೆನ್ನಿಗೆ ಬೆಳೆದ ಬಡಾವಣೆ ಅದು.

ಜಾಗ ಎರಡಾದಂತೆ ಆಡಳಿತವೂ ಎರಡಾಯಿತು. ಹಳೆ ಊರು, ವಿದ್ಯಾಗಿರಿಯ ನಳ, ಗಟಾರ, ಬೀದಿದೀಪ ನಗರಸಭೆಯ ಪಾಲು. ನವನಗರದ್ದು ಬಿಟಿಡಿಎ ಪಾಲು. ನಗರಸಭೆಗೆ ಜನ ಮತ ಹಾಕಿ ಸದಸ್ಯರನ್ನು ಕಳಿಸುತ್ತಾರೆ, ಪ್ರಾಧಿಕಾರವನ್ನು ಸರ್ಕಾರ ನೇಮಿಸುತ್ತದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸೇರಬೇಕಾದ ಹದಿನೆಂಟು ಕೆಲಸಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಮೊದಲನೆಯದೇ ನಗರ ಯೋಜನೆ, ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಬಾಗಲಕೋಟೆಯಲ್ಲಿ ಆ ಎರಡೂ ಕೆಲಸಗಳು ಹತ್ತು ವರ್ಷ ಮೊದಲೇ ಬೇರೆ ಕೈ ಸೇರಿದ್ದವು. ಪರಿಣಾಮ ಸರಳ. ನವನಗರದ ನಿವಾಸಿ ತನ್ನ ಬೀದಿಯ ಪ್ರಶ್ನೆಯನ್ನು ತಾನು ಆರಿಸಿದವರ ಮುಂದೆ ಇಡಲಾರ. ಹಳೆ ಊರಿನ ಸದಸ್ಯ ತನ್ನ ಪೇಟೆಯ ಭವಿಷ್ಯದ ಬಗ್ಗೆ ಠರಾವು ಮಾಡಿದರೂ ನಿರ್ಣಯ ಮೀಟರ್ ಗೆರೆಯದ್ದೇ.

ಆಪತ್ತು ಊರನ್ನು ಹೊರಗೆ ತಳ್ಳಿದ್ದು ಇಲ್ಲಷ್ಟೇ ಅಲ್ಲ. ಪ್ಲೇಗಿನ ನಂತರ, 1898ರಲ್ಲಿ, ಬೆಂಗಳೂರಿನ ಹಳೆ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದವು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. ಅಲ್ಲಿಯೂ ಊರು ಆಪತ್ತಿನಿಂದಲೇ ಹೊರಗೆ ಚಾಚಿತು. ಆದರೆ ರೋಗ ಬಂದು ಹೋಯಿತು. ಬಾಗಲಕೋಟೆಯ ನೀರು ಹಾಗಲ್ಲ, ಅದರ ಮಟ್ಟವೇ ಇನ್ನೂ ಇತ್ಯರ್ಥವಾಗಿಲ್ಲ.

2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿಗೆ ಮಿತಿಗೊಳಿಸಿತು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಜಲಾಶಯವನ್ನು ದೇಶಕ್ಕೆ ಅರ್ಪಿಸಿದರು. 2010ರ ಡಿಸೆಂಬರಿನಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು, ಆದರೆ ನೆರೆ ರಾಜ್ಯಗಳ ತಕರಾರಿನಿಂದ ಅಧಿಸೂಚನೆ ಹೊರಬೀಳಲಿಲ್ಲ. ಒಣಬೇಸಾಯದ ಸೀಮೆಗೆ ಆ ನಾಲ್ಕೂವರೆ ಮೀಟರ್ ನೀರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ. ಬೀಳಗಿ, ಜಮಖಂಡಿ, ಮುಧೋಳದ ನದಿದಂಡೆಯ ಹಳ್ಳಿಗಳಲ್ಲಿ ಈಗ ನಡೆಯುತ್ತಿರುವುದು ಅದೇ ಮಾತು.

ಹಳೆ ಬಾಗಲಕೋಟೆಯಲ್ಲಿ 523ರಿಂದ 525 ಮೀಟರಿನ ನಡುವಿನ ಮನೆಗಳಿಗೂ ಈ ನಿರ್ಧಾರಕ್ಕೂ ನೇರ ನಂಟಿದೆ. ಮೂರನೇ ಹಂತದ ಬಡಾವಣೆಯಲ್ಲಿ ಯಾವ ಓಣಿಯವರು ಯಾರ ಪಕ್ಕ ಇರಬೇಕು, ಸಂತೆ ಎಲ್ಲಿ ಕೂಡಬೇಕು, ಕೆಳಗೆ ಅಂಗಡಿ ಮೇಲೆ ಮನೆ ಎಂಬ ಹಳೆ ಪದ್ಧತಿಗೆ ಅನುಮತಿ ಇರಬೇಕೇ ಎಂಬುದನ್ನು ನಗರಸಭೆಯ ಸಭಾಂಗಣದಲ್ಲಿ, ಪೇಟೆಯವರನ್ನು ಕೂಡಿಸಿಕೊಂಡು ಚರ್ಚಿಸಲು ಅಡ್ಡಿಯೇನೂ ಇಲ್ಲ. ಮೊದಲ ಹಂತದಲ್ಲಿ ತಪ್ಪಿಹೋದ ಕೆಲಸ ಅದು, ಮತ್ತು ನೀರು ಏರುವುದಕ್ಕೆ ಮುಂಚೆಯೇ ಆಗಬೇಕಾದದ್ದು.