ಸುಂಕದಕಟ್ಟೆಯಲ್ಲಿ ನಿಂತ ಮೋಟಾರು

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರನ್ನು ದಿನವೂ ಬಸ್ಸಿನ ಹಲಗೆಯ ಮೇಲೆ ಓದುವ ನಮಗೆ ಆ ಮಾತಿನ ಅರ್ಥ ಮಾತ್ರ ಮರೆತುಹೋಗಿದೆ. ಅಂದಿನ ಸುಂಕದವನಿಗೆ ಬೇಕಾಗಿದ್ದುದು ಒಂದೇ ಲೆಕ್ಕ: ಹೇರು ಎಷ್ಟು, ಅದರ ಮೇಲೆ ಸಲ್ಲಬೇಕಾದುದೆಷ್ಟು? ಇಂದಿನ ಸುಂಕದವನು ಪರದೇಶದ ಮೋಟಾರು ಗಾಡಿಯ ಮುಂದೆ ನಿಂತಾಗ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾನೆ: ಇದು ನಮ್ಮ ರಸ್ತೆಯಲ್ಲಿ ಯಾರ ಪ್ರಾಣವನ್ನಾದರೂ ತೆಗೆದೀತೆ? ಈ ಎರಡನೆಯ ಪ್ರಶ್ನೆ ಹುಟ್ಟಿದ್ದು ಹೇಗೆ, ಅದರ ಬೆನ್ನಿಗೆ ಮೊದಲನೆಯ ಲೆಕ್ಕ ಮತ್ತೆ ಹೇಗೆ ಬಂದು ಸೇರಿಕೊಂಡಿತು ಎಂಬುದು ಆಲೋಚಿಸತಕ್ಕ ಸಂಗತಿ.

ನಾನು ಈ ವಿಷಯದ ಕಡೆ ತಿರುಗಿದ್ದು ಒಂದು ಕಾಗದದ ದೆಸೆಯಿಂದ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ೨೦೨೧ರಲ್ಲಿ ಬರೆದಿದ್ದ. ದಾವಣಗೆರೆಯಲ್ಲಿ ವಕೀಲರಾಗಿದ್ದ ಅವನ ತಂದೆ ತೀರಿಕೊಂಡಿದ್ದರು. ಅವರು ಜೀವದಂತೆ ಕಾಪಾಡಿಕೊಂಡು ಬಂದಿದ್ದ ೧೯೯೮ರ ಅಂಬಾಸಿಡರ್ ಕಾರು ಶೆಡ್ಡಿನಲ್ಲಿ ನಿಂತಿತ್ತು. ಅದನ್ನು ಹಡಗಿನಲ್ಲಿ ತರಿಸಿಕೊಳ್ಳೋಣವೆಂದು ವಿಚಾರಿಸಿದರೆ, 'ಕಾರಿಗೆ ಇಪ್ಪತ್ತೈದು ತುಂಬಲಿ, ಇನ್ನೆರಡು ವರ್ಷ ಕಾಯಿರಿ' ಎಂಬ ಉತ್ತರ ಬಂದಿತಂತೆ. 'ಸಾರ್, ಇಪ್ಪತ್ಮೂರು ವರ್ಷಕ್ಕೆ ಅಪಾಯಕಾರಿಯಾದ ಗಾಡಿ ಇಪ್ಪತ್ತೈದಕ್ಕೆ ಸಾಧುವಾಗುವುದು ಹೇಗೆ?' ಎಂದು ಅವನು ಕೇಳಿದ್ದ. ಪಾಠ ಹೇಳುವವನಿಗೆ ಹಳೆಯ ಶಿಷ್ಯನ ಪ್ರಶ್ನೆಗಿಂತ ದೊಡ್ಡ ಸಾಲವಿಲ್ಲ. ಆ ಸಾಲ ತೀರಿಸಲು ಹೊರಟಾಗ ತಿಳಿದುಬಂದ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇನೆ.

ಅಮೆರಿಕದ ಈ ಕಾನೂನಿನ ಬೇರು ೧೯೬೦ರ ದಶಕದಲ್ಲಿದೆ. ಆಗ ಆ ದೇಶದ ರಸ್ತೆಗಳಲ್ಲಿ ವರ್ಷವೊಂದಕ್ಕೆ ಸುಮಾರು ೫೦ ಸಾವಿರ ಜನ ಸಾಯುತ್ತಿದ್ದರು. ತಪ್ಪೆಲ್ಲ ಗಾಡಿ ಹೊಡೆಯುವವನದು ಎಂಬುದು ಅಂದಿನ ನಂಬಿಕೆಯಾಗಿದ್ದಿತು. ೧೯೬೫ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲ, 'ಅನ್‌ಸೇಫ್ ಅಟ್ ಎನಿ ಸ್ಪೀಡ್', ಎಂದರೆ ಯಾವ ವೇಗದಲ್ಲಿ ಹೋದರೂ ಅಪಾಯವೇ, ಎಂಬ ಪುಸ್ತಕ ಬರೆದು ಆ ನಂಬಿಕೆಯನ್ನು ಅಲುಗಿಸಿದ. ಡಿಕ್ಕಿಯಾದಾಗ ಸ್ಟಿಯರಿಂಗಿನ ಕಂಬವೇ ಭರ್ಜಿಯಂತೆ ಎದೆಗೆ ನಾಟುತ್ತಿದ್ದರೆ ಅದು ಗಾಡಿ ಕಟ್ಟಿದವನ ತಪ್ಪಲ್ಲವೆ ಎಂಬುದು ಅವನ ವಾದದ ಸಾರ. ಅವನು ಮುಖ್ಯವಾಗಿ ಟೀಕಿಸಿದ ಗಾಡಿಗಳಲ್ಲೊಂದು ಜನರಲ್ ಮೋಟಾರ್ಸ್ ಕಂಪನಿಯ ಕಾರ್ವೇರ್. ಆ ಕಂಪನಿ ಅವನ ಬೆನ್ನಿಗೆ ಗುಪ್ತ ಪತ್ತೇದಾರರನ್ನು ಬಿಟ್ಟಿತು. ಸಂಗತಿ ಬಯಲಾಗಿ, ೧೯೬೬ರ ಮಾರ್ಚಿಯಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್ ೯ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೋಟಾರು ವಾಹನಗಳ ಸುರಕ್ಷತೆಯ ಕಾನೂನಿಗೆ ಸಹಿ ಹಾಕಿದರು.

ಇದರ ಫಲವಾಗಿ ೧೯೬೮ರಿಂದ ಹೊಸ ಕಾರುಗಳಿಗೆಲ್ಲ ಕಟ್ಟುಪಾಡುಗಳು ಬಂದವು: ಸೀಟಿಗೆ ಬೆಲ್ಟು, ಹೊಡೆತ ಬಿದ್ದರೆ ಕುಸಿದುಕೊಳ್ಳುವ ಸ್ಟಿಯರಿಂಗ್ ಕಂಬ, ಒಂದು ಕೊಳವೆ ಒಡೆದರೂ ಇನ್ನೊಂದರಿಂದ ಹಿಡಿಯುವ ಬ್ರೇಕು. ಈ ಕಟ್ಟುಪಾಡು ಕಾಗದದ ಹುಲಿಯಾಗಲಿಲ್ಲವೆಂಬುದಕ್ಕೆ ಲೆಕ್ಕವಿದೆ. ೧೯೬೬ರಲ್ಲಿ ಗಾಡಿಗಳು ಹತ್ತು ಕೋಟಿ ಮೈಲಿ ಓಡಿದರೆ ಐದಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಇಂದು ಆ ಪ್ರಮಾಣ ಕಾಲುಭಾಗಕ್ಕೂ ಕೆಳಗಿಳಿದಿದೆ. ರಸ್ತೆ, ಆಸ್ಪತ್ರೆ, ಕುಡಿದು ಓಡಿಸುವವರ ಮೇಲಿನ ಬಿಗಿ, ಎಲ್ಲದಕ್ಕೂ ಇದರಲ್ಲಿ ಪಾಲಿದೆ. ಆದರೆ ಗಾಡಿಯ ಪಾಲು ಚಿಕ್ಕದಲ್ಲ. ಮುಂದೆ ಹೇಳುವ ಮಾತನ್ನು ಓದುವಾಗ ವಾಚಕರು ಇದನ್ನು ಮರೆಯಬಾರದು: ಈ ಕಾನೂನನ್ನು ಮೊದಲು ಬರೆಯಿಸಿದ್ದು ರಕ್ತ.

ಇಲ್ಲಿ ಒಂದು ತೊಡಕು ಹುಟ್ಟಿತು. ಯೂರೋಪಿನ ರಾಷ್ಟ್ರಗಳು ೧೯೫೮ರಲ್ಲಿಯೇ ಜಿನೀವಾದಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದವು. ಅದರಂತೆ ಸರ್ಕಾರವೇ ಮಾದರಿಯನ್ನು ಪರೀಕ್ಷೆಮಾಡಿ ಒಪ್ಪಿಗೆಯ ಮುದ್ರೆ ಒತ್ತಬೇಕು. ಒಂದು ದೇಶ ಒಪ್ಪಿದ್ದನ್ನು ಇನ್ನೊಂದು ಒಪ್ಪಬೇಕು. ಅಮೆರಿಕದ ದಾರಿಯೇ ಬೇರೆ. ಅಲ್ಲಿ ತಯಾರಕನೇ 'ನನ್ನ ಗಾಡಿ ಕಾನೂನಿಗೆ ಸರಿಯಾಗಿದೆ' ಎಂದು ಹೊಣೆ ಹೊತ್ತು, ಬಾಗಿಲಿನ ಬಳಿ ಒಂದು ಚೀಟಿ ಅಂಟಿಸಬೇಕು. ಮಾತು ಸುಳ್ಳಾದರೆ ದಂಡ ತೆರಬೇಕು. ಪದ್ಧತಿ ಬೇರೆಯಾದಂತೆ ವಿವರಗಳೂ ಬೇರೆಯಾದವು. ಹಿಂಬದಿಯ ತಿರುವು ದೀಪ ಯೂರೋಪಿನಲ್ಲಿ ಕಿತ್ತಳೆ ಬಣ್ಣದ್ದೇ ಆಗಬೇಕು. ಅಮೆರಿಕದಲ್ಲಿ ಕೆಂಪೂ ಆದೀತು. ೧೯೬೭ರಲ್ಲಿ ಫ್ರಾನ್ಸಿನ ಸಿಟ್ರೋಯೆನ್ ಡಿ.ಎಸ್. ಕಾರಿಗೆ ಗಾಜಿನ ಹೊದಿಕೆಯ ದೀಪಗಳು ಬಂದವು. ಸ್ಟಿಯರಿಂಗ್ ತಿರುಗಿದ ಕಡೆಗೇ ತಿರುಗಿ ದಾರಿ ತೋರುವ ದೀಪಗಳೂ ಅವುಗಳಲ್ಲಿ ಸೇರಿದ್ದವು. ಇರುಳಿನ ತಿರುವುಗಳಲ್ಲಿ ಅದಕ್ಕಿಂತ ಉಪಕಾರ ಬೇರೇನಿದೆ? ಆದರೂ ಅಮೆರಿಕದ ದೀಪದ ನಿಯಮಕ್ಕೆ ಅದು ಒಗ್ಗದೆ, ಅಲ್ಲಿಗೆ ಹೋಗುವ ಕಾರುಗಳಿಗೆ ಹಳೆಯ ತರಹದ ದೀಪಗಳನ್ನೇ ಕೂರಿಸಬೇಕಾಯಿತು. ನಿಯಮಕ್ಕೆ ಹೊಂದದ್ದೆಲ್ಲ ಅಪಾಯವಲ್ಲ, ಹೊಂದಿದ್ದೆಲ್ಲ ಕ್ಷೇಮವೂ ಅಲ್ಲ. ಆದರೆ ಕಟ್ಟೆಯಲ್ಲಿ ನಿಂತ ಸುಂಕದವನು ಚೀಟಿಯನ್ನು ನೋಡಬಲ್ಲನೇ ಹೊರತು ಇರುಳಿನ ತಿರುವನ್ನು ನೋಡಲಾರ.

ಹಾಗಿದ್ದರೂ ೧೯೬೬ರ ಕಾನೂನು ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ. ಚೀಟಿ ಇಲ್ಲದ ಗಾಡಿಯನ್ನು ಯಾರು ಬೇಕಾದರೂ ತರಬಹುದಾಗಿದ್ದಿತು. ಸುಂಕದ ಇಲಾಖೆಗೆ ಒಂದು ಮುಚ್ಚಳಿಕೆ ಬರೆದುಕೊಟ್ಟು, ೧೨೦ ದಿನಗಳೊಳಗೆ ಗಾಡಿಯನ್ನು ನಿಯಮಕ್ಕೆ ಸರಿಪಡಿಸಿದ ಪುರಾವೆ ಒಪ್ಪಿಸಬೇಕು; ಇಲ್ಲವೇ ಗಾಡಿಯನ್ನು ದೇಶದಿಂದ ಹೊರಗೆ ಕಳುಹಿಸಬೇಕು. ಬಹುಕಾಲ ಇದನ್ನು ಬಳಸಿಕೊಂಡವರು ಕೆಲವೇ ಜನ.

ಚಿತ್ರ ಬದಲಾದದ್ದು ೧೯೮೦ರ ದಶಕದ ಮೊದಲಿನಲ್ಲಿ; ಬದಲಾಯಿಸಿದ್ದು ಡಾಲರು. ೧೯೮೦ರಲ್ಲಿ ಒಂದು ಡಾಲರಿಗೆ ಜರ್ಮನಿಯ ೨ ಮಾರ್ಕಿಗಿಂತ ಕಡಿಮೆ ಬರುತ್ತಿದ್ದುದು ೧೯೮೫ರ ಆರಂಭದ ಹೊತ್ತಿಗೆ ೩ ಮಾರ್ಕನ್ನು ದಾಟಿತು. ಎಂದರೆ ಜರ್ಮನಿಯ ಅಂಗಡಿಯಲ್ಲಿ ಮರ್ಸಿಡಿಸ್ ಕೊಂಡು, ಹಡಗಿನ ಬಾಡಿಗೆ ಕೊಟ್ಟು, ರಿಪೇರಿಯ ಖರ್ಚು ಹಾಕಿದರೂ, ಅಮೆರಿಕದ ಅಧಿಕೃತ ಅಂಗಡಿಯವನು ಹೇಳುವ ಬೆಲೆಗಿಂತ ಅಗ್ಗವಾಗುತ್ತಿತ್ತು. ಮೇಲಾಗಿ ಯೂರೋಪಿನಲ್ಲಿ ಸಿಗುತ್ತಿದ್ದ ಮರ್ಸಿಡಿಸ್ ೫೦೦ರಂಥ ಬಲವಾದ ಕಾರನ್ನು ಕಂಪನಿ ಕೆಲವು ವರ್ಷ ಅಮೆರಿಕದಲ್ಲಿ ಮಾರಲೇ ಇಲ್ಲ. ದುಡ್ಡಿದ್ದವರಿಗೆ ಇನ್ನೇನು ಬೇಕು? ಹೀಗೆ ಕಾಳಸಂತೆಯೂ ಅಲ್ಲದ, ಬೆಳಕಿನ ಅಂಗಡಿಯೂ ಅಲ್ಲದ ಒಂದು 'ಬೂದುಸಂತೆ' ಹುಟ್ಟಿತು. ೧೯೮೫ರಲ್ಲಿ ಈ ದಾರಿಯಿಂದ ಬಂದ ಗಾಡಿಗಳು ೬೦ ಸಾವಿರಕ್ಕೂ ಹೆಚ್ಚು.

ಬೂದುಸಂತೆಯ ಕೆಲಸಗಾರರಲ್ಲಿ ಎಲ್ಲ ತರಹದವರೂ ಇದ್ದರು. ಕೆಲವರು ಬಾಗಿಲೊಳಗೆ ಉಕ್ಕಿನ ಅಡ್ಡಪಟ್ಟಿ ಬೆಸೆದು, ದೀಪ, ಬಂಪರು, ಹೊಗೆಯ ಕೊಳವೆ ಎಲ್ಲವನ್ನೂ ನಿಷ್ಠೆಯಿಂದ ಬದಲಾಯಿಸಿಕೊಟ್ಟರು. ಇನ್ನು ಕೆಲವರು ಬದಲಾಯಿಸಿದ್ದು ಕಾಗದವನ್ನು ಮಾತ್ರ. ಬಾಗಿಲಿನೊಳಗೆ ಪಟ್ಟಿ ಇದೆಯೋ ಇಲ್ಲವೋ ಕೊಂಡವನಿಗೆ ಕಾಣುವುದಿಲ್ಲ. ಅದು ತಿಳಿಯುವುದು ಪಕ್ಕದಿಂದ ಲಾರಿ ಬಂದು ಹೊಡೆದ ದಿನ. ಆದುದರಿಂದ ಬಿಗಿ ಬೇಕೆಂದು ಕೂಗಿದವರ ಮಾತಿನಲ್ಲಿ ಸತ್ಯವಿದ್ದಿತು. ಆದರೆ ಹೆಚ್ಚು ಗಟ್ಟಿಯಾಗಿ ಕೂಗಿದವರು ಯಾರು? ಗಾಯಗೊಂಡವರಲ್ಲ. ವ್ಯಾಪಾರ ಕಳೆದುಕೊಂಡ ಅಧಿಕೃತ ಮಾರಾಟಗಾರರು, ಅವರ ಹಿಂದಿದ್ದ ಕಂಪನಿಗಳು. ತಮ್ಮ ನಷ್ಟದ ಲೆಕ್ಕವನ್ನು ಶಾಸನಸಭೆಯ ಮುಂದೆ ಇಟ್ಟರೆ ಕೇಳುವವರು ಕಡಿಮೆ; ಜನರ ಪ್ರಾಣದ ಲೆಕ್ಕವನ್ನು ಇಟ್ಟರೆ ಎಲ್ಲರೂ ಕೇಳುತ್ತಾರೆ.

೧೯೮೮ರ ಅಕ್ಟೋಬರ್ ೩೧ರಂದು ಅಧ್ಯಕ್ಷ ರೇಗನ್ ಹೊಸ ಕಾನೂನಿಗೆ ಸಹಿ ಮಾಡಿದರು; ೧೯೯೦ರ ಜನವರಿ ಕೊನೆಯಲ್ಲಿ ಅದು ಜಾರಿಗೆ ಬಂದಿತು. ಇನ್ನು ಮೇಲೆ ಸಾಮಾನ್ಯ ಮನುಷ್ಯ ತಾನೇ ಇಂಥ ಗಾಡಿ ತರುವಂತಿಲ್ಲ. ಸರ್ಕಾರದಲ್ಲಿ ನೋಂದಾಯಿಸಿಕೊಂಡ ಆಮದುದಾರನ ಮೂಲಕವೇ ತರಬೇಕು. ಗಾಡಿಯ ಬೆಲೆಯ ಒಂದೂವರೆಯಷ್ಟು ಮೊತ್ತಕ್ಕೆ ಮುಚ್ಚಳಿಕೆ ಬರೆಯಬೇಕು. ಅಮೆರಿಕದಲ್ಲಿ ಮಾರಾಟವಾದ ಮಾದರಿಗೆ ಅದು ಬಹುಮಟ್ಟಿಗೆ ಸಮಾನವೆಂದಾಗಲಿ, ಸರಿಪಡಿಸಲು ಸಾಧ್ಯವೆಂದಾಗಲಿ ಸರ್ಕಾರ ಮೊದಲೇ ತೀರ್ಮಾನಿಸಿರಬೇಕು. ಅಮೆರಿಕದಲ್ಲಿ ಎಂದೂ ಮಾರದ ಕಾರಾದರೆ, ಡಿಕ್ಕಿ ಹೊಡೆಸಿ ಪರೀಕ್ಷಿಸಿ ತೋರಿಸುವ ಹೊರೆಯೂ ತರುವವನ ಮೇಲೆ ಬೀಳಬಹುದು. ಒಂದು ಕಾರು ತರಲು ನಾಲ್ಕಾರು ಕಾರು ಒಡೆಯುವವರು ಎಷ್ಟು ಜನ ಸಿಕ್ಕಾರು? ಈ ಕಟ್ಟಿನಿಂದ ಬಿಡುಗಡೆ ಇಪ್ಪತ್ತೈದು ವರ್ಷ ತುಂಬಿದ ಗಾಡಿಗೆ. ನನ್ನ ವಿದ್ಯಾರ್ಥಿಯನ್ನು ತಡೆದದ್ದು ಇದೇ ಮಾತು. ಸೋಜಿಗವೆಂದರೆ, ೧೯೮೫ರ ಸೆಪ್ಟೆಂಬರಿನ ಪ್ಲಾಜಾ ಒಪ್ಪಂದದ ತರುವಾಯ ಡಾಲರು ಇಳಿಯುತ್ತ ಬಂದು, ಕಾನೂನು ಬರುವ ಹೊತ್ತಿಗೆ ಬೂದುಸಂತೆ ತಾನಾಗಿಯೇ ಬಡವಾಗಿದ್ದಿತು.

ಇಪ್ಪತ್ತೈದೆಂಬ ಸಂಖ್ಯೆಯಲ್ಲಿ ತರ್ಕವಿಲ್ಲದೆ ಇಲ್ಲ. ಅಷ್ಟು ಹಳೆಯ ಗಾಡಿಯನ್ನು ತರುವವನು ಬಹುಮಟ್ಟಿಗೆ ಹವ್ಯಾಸಿ. ಭಾನುವಾರ ಹೊರಗೆ ತೆಗೆದು ಒರೆಸಿ ಒಳಗಿಡುವವನು. ಅವುಗಳಿಂದ ಅಪಾಯವೂ ಕಡಿಮೆ, ಅಂಗಡಿಯವನ ವ್ಯಾಪಾರಕ್ಕೆ ಪೆಟ್ಟೂ ಇಲ್ಲ. ಆದರೆ ಗಾಡಿಯ ಬ್ರೇಕಿಗೆ ತನ್ನ ಹುಟ್ಟುಹಬ್ಬ ತಿಳಿಯದು. ನೆರೆಯ ಕೆನಡಾದಲ್ಲಿ ಈ ಗಡಿ ಹದಿನೈದೇ ವರ್ಷ. ಎರಡು ದೇಶಗಳ ನಡುವಿನ ಗೆರೆ ದಾಟಿದರೆ ಕಬ್ಬಿಣದ ಸ್ವಭಾವ ಹತ್ತು ವರ್ಷದಷ್ಟು ಬದಲಾಗುತ್ತದೆಯೆ?

ದೊಡ್ಡವರಿಗೆ ಒಂದು ಕಿಂಡಿಯೂ ತೆರೆಯಿತು. ಬಿಲ್ ಗೇಟ್ಸ್ ತರಿಸಿದ್ದ ಪೋರ್ಶೆ ೯೫೯ ಎಂಬ ಕಾರು ವರ್ಷಗಟ್ಟಲೆ ಸುಂಕದವರ ವಶದಲ್ಲಿ ನಿಂತಿದ್ದಿತು. ೧೯೯೮ರಲ್ಲಿ ಕಾನೂನು ತಿದ್ದುಪಡಿಯಾಗಿ, ೧೯೯೯ರಿಂದ ಚಾರಿತ್ರಿಕ ಅಥವಾ ಯಾಂತ್ರಿಕ ಮಹತ್ವದ ಅಪರೂಪದ ಗಾಡಿಗಳನ್ನು ಪ್ರದರ್ಶನಕ್ಕಾಗಿ ತರಲು ಅವಕಾಶವಾಯಿತು. ವರ್ಷಕ್ಕೆ ೨,೫೦೦ ಮೈಲಿ ಮೀರಿ ಓಡಿಸಬಾರದೆಂಬುದು ಷರತ್ತು. ಇದಕ್ಕೆ ಎದುರಾಗಿ ಇತ್ತೀಚಿನ ಇನ್ನೊಂದು ನೋಟ: ಜಪಾನಿನ ಪುಟ್ಟ ಸರಕು ಗಾಡಿಗಳು. ೬೬೦ ಸಿ.ಸಿ. ಎಂಜಿನಿನ ಈ ಗಾಡಿಗಳು ಇಪ್ಪತ್ತೈದು ತುಂಬಿ ಬಂದಾಗ ಅಮೆರಿಕದ ಸಣ್ಣ ರೈತರೂ ಕಸುಬುದಾರರೂ ಅಗ್ಗವೆಂದು ಕೊಂಡರು. ದೇಶದ ಕಾನೂನು ಒಳಗೆ ಬಿಟ್ಟ ಗಾಡಿಯನ್ನು ಕೆಲವು ಸಂಸ್ಥಾನಗಳು ರಸ್ತೆಗೆ ಯೋಗ್ಯವಲ್ಲವೆಂದು ನೋಂದಾಯಿಸಲು ಒಪ್ಪಲಿಲ್ಲ. ಮಾಲೀಕರು ಹೋರಾಡಿದ ಮೇಲೆ ೨೦೨೪ರಲ್ಲಿ ಟೆಕ್ಸಾಸ್ ಪಟ್ಟು ಸಡಿಲಿಸಿತು.

ಹಾಗೆಂದು ಎಲ್ಲ ನಿಯಮವೂ ವ್ಯಾಪಾರಿಗಳ ಮುಖವಾಡವೆಂದು ತಿಳಿಯುವುದೂ ತಪ್ಪು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಜಪಾನಿನಿಂದ ತಂದ ಬಲಗಡೆ ಸ್ಟಿಯರಿಂಗಿನ ಗಾಡಿಗಳ ಅಪಘಾತಗಳನ್ನು ಅಲ್ಲಿನ ವಿಮಾ ಸಂಸ್ಥೆ ೨೦೦೭ರಲ್ಲಿ ಪರಿಶೀಲಿಸಿತು. ಅವುಗಳಲ್ಲಿ ಅಪಘಾತದ ಸಂಭವ ಉಳಿದವಕ್ಕಿಂತ ಶೇಕಡ ೪೦ಕ್ಕೂ ಹೆಚ್ಚಾಗಿ ಕಂಡುಬಂದಿತು. ರಸ್ತೆಯ ಬಲಪಕ್ಕದಲ್ಲಿ ಹೋಗುವ ದೇಶದಲ್ಲಿ ಬಲಗಡೆ ಕುಳಿತವನಿಗೆ ಎದುರಿನ ಗಾಡಿ ಕಾಣುವುದು ತಡ. ಇದನ್ನು ಯಾವ ಲಂಚವೂ ಯಾವ ವಾದವೂ ಬದಲಾಯಿಸಲಾರದು.

ನಮ್ಮ ದೇಶದ ನಿಯಮವನ್ನು ಇದರ ಪಕ್ಕದಲ್ಲಿಟ್ಟರೆ ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವಾಗಿ ಕಾಣುತ್ತದೆ. ೨೦೦೧ರಲ್ಲಿ ಭಾರತ ಪರದೇಶದ ಹಳೆಯ ಕಾರುಗಳಿಗೆ ಬಾಗಿಲು ತೆರೆದಾಗ ಹಾಕಿದ ಷರತ್ತು, ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದೆಂಬುದು. ಸ್ಟಿಯರಿಂಗು ಬಲಗಡೆಯೇ ಇರಬೇಕು, ಮುಂಬಯಿಯ ಬಂದರಿನಿಂದಲೇ ಬರಬೇಕು. ಅಲ್ಲಿ ಮುದುಕನಾದರೆ ಪ್ರವೇಶ, ಇಲ್ಲಿ ಹಸುಳೆಯಾದರೆ ಪ್ರವೇಶ. ಅವರ ಭಯ ಹೊಸ ಕಾರು ಅಂಗಡಿಯವನ ಗಿರಾಕಿಯನ್ನು ಸೆಳೆದೀತೆಂಬುದು. ನಮ್ಮ ಭಯ ಲೋಕದ ಗುಜರಿಯೆಲ್ಲ ನಮ್ಮ ರಸ್ತೆಗೆ ಬಂದೀತೆಂಬುದು. ಎರಡೂ ಭಯ ನಿಜವೇ. ಎರಡೂ ಕಡೆ ಬರೆದಿರುವ ಮಾತು ಮಾತ್ರ ಸುರಕ್ಷತೆ.

ಆದುದರಿಂದ ಇಂಥ ನಿಯಮ ಎದುರಾದಾಗ ನಾವು ಕೇಳಬೇಕಾದುದು ಇಷ್ಟೆ: ಇದು ಗಾಡಿಯ ಬ್ರೇಕನ್ನು ಕೇಳುತ್ತದೆಯೋ, ಜಾತಕವನ್ನು ಕೇಳುತ್ತದೆಯೋ? ಬ್ರೇಕನ್ನು ಕೇಳುವ ನಿಯಮಕ್ಕೆ ತಲೆಬಾಗೋಣ, ಎಷ್ಟೇ ಕಷ್ಟವಾಗಲಿ. ಜಾತಕವನ್ನು ಕೇಳುವ ನಿಯಮದಲ್ಲಿ ಲಾಭ ಯಾರದೆಂದು ವಿಚಾರಿಸೋಣ.

೨೦೨೩ರಲ್ಲಿ ಅಂಬಾಸಿಡರಿಗೆ ಇಪ್ಪತ್ತೈದು ತುಂಬಿತು. ರಜೆಗೆ ಬಂದಿದ್ದ ನನ್ನ ವಿದ್ಯಾರ್ಥಿ ಹಡಗಿನವರೊಡನೆ ಮಾತಾಡಿ ಎಲ್ಲ ಸಿದ್ಧಮಾಡಿಕೊಂಡ. ಹೊರಡಿಸುವ ಮೊದಲು ಏಳು ವರ್ಷದ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೊಳಗೆ ಒಂದು ಸುತ್ತು ಬಂದನಂತೆ. ಅಮೆರಿಕದಲ್ಲಿ ಹುಟ್ಟಿದ ಆ ಮಗು ಕುಳಿತ ಕೂಡಲೆ ಎರಡೂ ಪಕ್ಕ ಕೈಯಾಡಿಸಿ, 'ಅಪ್ಪಾ, ಬೆಲ್ಟ್ ಎಲ್ಲಿ?' ಎಂದು ಕೇಳಿತು. ಆ ಕಾರಿನ ಹಿಂದಿನ ಸೀಟಿಗೆ ಬೆಲ್ಟು ಇರಲೇ ಇಲ್ಲ. ಎರಡು ವರ್ಷ ಕಾಯಿಸಿದ ಕಾನೂನು ಈ ಪ್ರಶ್ನೆಯನ್ನು ಕೇಳಿರಲಿಲ್ಲ.

ಕಾರು ಈಗಲೂ ದಾವಣಗೆರೆಯ ಶೆಡ್ಡಿನಲ್ಲಿದೆ. ಹಿಂದಿನ ಸೀಟಿಗೆ ಬೆಲ್ಟು ಹಾಕಿಸಲು ಒಳ್ಳೆಯ ಮೆಕ್ಯಾನಿಕನನ್ನು ಹುಡುಕಿಕೊಡಿ ಎಂದು ಅವನು ನನಗೆ ಬರೆದಿದ್ದಾನೆ.