ಜಂಬಿಟ್ಟಿಗೆ ಮನೆ (ಅಂಬ್ಲಿಗೊಳ ಸೀಮೆ)

ಜಂಬಿಟ್ಟಿಗೆಯ ಗೋಡೆ, ಮರದ ಕಂಬ-ತೊಲೆ, ಇಳಿಜಾರು ಮಾಡು ಇರುವ ಹಳೆಯ ವಾಸದ ಮನೆ. ಶಿಕಾರಿಪುರ ತಾಲ್ಲೂಕಿನ ಅಂಬ್ಲಿಗೊಳ, ನೆರೆಯ ಆನಂದಪುರ, ಸೊರಬಗಳನ್ನು ಒಳಗೊಂಡ ಅರೆಮಲೆನಾಡಿನಲ್ಲಿ ಮಣ್ಣಿನ ಗೋಡೆಯ ಮನೆಗಳ ಜೊತೆಗೆ ಈ ಬಗೆಯೂ ಬೆಳೆದುಬಂದಿದೆ. ಇದೇ ಸೀಮೆಯ ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ಬಳಪದ ಕಲ್ಲು ಸಂದಿತು. ಒಕ್ಕಲ ಮನೆಗೆ ಒದಗಿದ್ದು ಕಾಲಡಿಯ ಕೆಂಪುಕಲ್ಲು.

ಕಲ್ಲು ಮತ್ತು ಗೋಡೆ

ಮಳೆ-ಬಿಸಿಲಿಗೆ ಬಂಡೆ ಶಿಥಿಲವಾಗಿ, ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಉಳಿದಾಗ ಜಂಬಿಟ್ಟಿಗೆ ಆಗುತ್ತದೆ. ಕರಾವಳಿಯಲ್ಲಿ ಇದೇ ಮುರಕಲ್ಲು. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅದರ ಲ್ಯಾಟಿನ್ ಮೂಲಪದಕ್ಕೂ ಇಟ್ಟಿಗೆ ಎಂದೇ ಅರ್ಥ. ಕನ್ನಡದ ಹೆಸರಿನಲ್ಲೂ ಇಟ್ಟಿಗೆಯೇ ಇರುವುದು ಗಮನಾರ್ಹ.

ನೆಲದೊಳಗೆ ತೇವವಿರುವಾಗ ಈ ಕಲ್ಲು ಮೆದು. ಮೇಲ್ಮಣ್ಣು ಸರಿಸಿ, ಅಳತೆಗೆ ಗೀಟು ಹಾಕಿ, ಸುತ್ತ ತೋಡು ಕಡಿದು ಬುಡದಿಂದ ಎಬ್ಬಿಸುತ್ತಾರೆ. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಗಿಲಾಯಿ ಮಾಡದ ಗೋಡೆಯ ಹತ್ತಿರ ನಿಂತರೆ ಕೊಡಲಿಯ ಓರೆ ಗೀರುಗಳು ಇಂದಿಗೂ ಕಾಣುತ್ತವೆ. ಕಲ್ಲಿನ ಮೈತುಂಬ ಇರುವ ತೂತುಗಳಿಗೆ ಕೆಸರುಮಣ್ಣು ಇಳಿದು ಕಚ್ಚಿಕೊಳ್ಳುವುದರಿಂದ ಸುಣ್ಣದ ಗಾರೆ ಇಲ್ಲದೆಯೂ ಗೋಡೆ ನಿಲ್ಲುತ್ತದೆ. ಅದೇ ತೂತುಗಳು ನೀರನ್ನೂ ಹೀರುತ್ತವೆ. ಸೂರು ಗೋಡೆಯಿಂದ ದೂರಕ್ಕೆ ಚಾಚುವುದು ಇದಕ್ಕಾಗಿ. ಕಟ್ಟಿದ್ದು ಚೆನ್ನಾಗಿದ್ದರೆ ಈ ಕಲ್ಲು ನೀರಿನ ನಡುವೆಯೂ ಬಾಳುತ್ತದೆ. ಕೆಳದಿ ಅರಸರ ಕಾಲದ್ದೆನ್ನಲಾದ, ಆನಂದಪುರ ಬಳಿಯ ಜಂಬಿಟ್ಟಿಗೆಯ ಚಂಪಕಸರಸಿ ಕೊಳ ಅದಕ್ಕೆ ಸಾಕ್ಷಿ.

ಒಳವಿನ್ಯಾಸ

ಮನೆಯ ಅಳತೆ ಅಂಕಣದ ಲೆಕ್ಕದಲ್ಲಿ: ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಜಗುಲಿ, ನಡುಮನೆ, ಅಡುಗೆಮನೆ, ಬಚ್ಚಲು, ಮಗ್ಗುಲಲ್ಲಿ ಕೊಟ್ಟಿಗೆ. ಮೇಲೆ ದವಸ ಇಡುವ ಅಟ್ಟ.

ಮಾಡು

ಮೊದಲು ಹುಲ್ಲು, ಅಡಿಕೆ ಸೋಗೆ, ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಮಂಗಳೂರು ಹೆಂಚು ಕ್ರಮೇಣ ಘಟ್ಟದ ಮೇಲೂ ಹರಡಿತು.

ಅಲಂಕಾರ

ದೀವರ ಸಮುದಾಯದ ಮನೆಗಳಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ.

ದುರಸ್ತಿ

ಹಳೆಯ ಗೋಡೆಗೆ ಸಿಮೆಂಟ್ ಗಿಲಾಯಿ ಒಗ್ಗುವುದಿಲ್ಲ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಪದರ ಉಬ್ಬಿ, ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಮಣ್ಣು ಅಥವಾ ಸುಣ್ಣದ ಗಿಲಾಯಿಯೇ ಸರಿ.