ಮುಪ್ಪಿನ ಹಂಗು ಮತ್ತು ದಾಸೋಹದ ನೆಲೆ: ಕೊಪ್ಪದ ನೆರೆಯಲ್ಲೊಂದು ಚರಿತ್ರೆ

ಅಣ್ಣ ಬಸವಣ್ಣನವರ ವಚನಗಳಲ್ಲಿ ಮುಪ್ಪನ್ನು ಕುರಿತ ಪ್ರಸಿದ್ಧ ವಚನವೊಂದಿದೆ. ಕೂದಲು ನರೆತು, ಗಲ್ಲ ಸುಕ್ಕುಗಟ್ಟಿ, ಹಲ್ಲುದುರಿ, ಬೆನ್ನು ಬಾಗಿ, ಮನುಷ್ಯನು ಪರರ ಆಸರೆಗೆ ಕೈಚಾಚುವ ಸ್ಥಿತಿ ಬರುವ ಮೊದಲೇ ಕೂಡಲಸಂಗಮದೇವನನ್ನು ಪೂಜಿಸಬೇಕೆಂಬುದು ಅದರ ತಾತ್ಪರ್ಯ. ಭಕ್ತಿಗೆ ಕಾಲವಿಳಂಬ ಸಲ್ಲದೆಂಬ ಬೋಧೆಯೇ ಅಲ್ಲಿ ಮುಖ್ಯವೆಂದು ವ್ಯಾಖ್ಯಾನಕಾರರು ವಿವರಿಸುತ್ತ ಬಂದಿದ್ದಾರೆ. ಆದರೆ ಮುಪ್ಪಿನ ಲಕ್ಷಣಗಳನ್ನು ಎಣಿಸುವಾಗ ದೇಹದ ಕುಂದುಗಳ ಸಾಲಿನಲ್ಲಿಯೇ ಪರರ ಹಂಗನ್ನೂ ಸೇರಿಸಿರುವುದು ಗಮನಾರ್ಹವಾಗಿದೆ. ಹಲ್ಲು ಬೀಳುವುದು ಪ್ರಕೃತಿಧರ್ಮ. ಹಂಗು ಮಾತ್ರ ಸಮಾಜವು ವೃದ್ಧರನ್ನು ನಡೆಸಿಕೊಳ್ಳುವ ರೀತಿಯಿಂದ ಹುಟ್ಟುವಂಥದು. ಆದುದರಿಂದ ಅದಕ್ಕೆ ಒಂದು ಚರಿತ್ರೆಯೂ ಉಂಟು, ಪರಿಹಾರವೂ ಉಂಟು.

ಶರಣರು ಕಂಡ ಪರಿಹಾರ ದಾಸೋಹ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಾದರೋ ನೀಡುವವನೇ ದಾಸನು. ಆದ್ದರಿಂದ ಉಣ್ಣುವವನ ಮೇಲೆ ಋಣದ ಹೊರೆ ಬೀಳುವುದಿಲ್ಲ. ಇದರೊಡನೆ ಕಾಯಕ ತತ್ತ್ವವೂ ಕೂಡಿದುದರಿಂದ, ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕ ಕೆಲಸವನ್ನು ಮಾಡುತ್ತ ಸಮುದಾಯದ ನಡುವೆ ಸ್ಥಾನ ಪಡೆಯುವುದು ಸಾಧ್ಯವಾಯಿತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಆಯ್ದಕ್ಕಿ ಮಾರಯ್ಯನವರಿಗೂ ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿಗೂ ಶರಣಸಂಕುಲದಲ್ಲಿ ಸಮಾನ ಗೌರವವಿತ್ತು. ಅನ್ನ, ಕೆಲಸ, ಒಡನಾಟ ಈ ಮೂರೂ ಒಂದೇ ನೆಲೆಯಲ್ಲಿ ದೊರೆತಾಗ ಮುಪ್ಪಿನ ಒಂಟಿತನಕ್ಕೆ ಅವಕಾಶ ಕಡಿಮೆ.

ನಮ್ಮ ಗ್ರಾಮಜೀವನದಲ್ಲಿಯೂ ಇಂಥ ನೆಲೆಗಳಿದ್ದವು. ಮನೆಯ ಮುಂದಿನ ಜಗಲಿ, ಊರ ನಡುವಿನ ಅರಳಿಕಟ್ಟೆ, ಭಜನೆಮನೆ, ಶ್ರಾವಣಮಾಸದ ಪುರಾಣ ಪ್ರವಚನ ಇವು ವೃದ್ಧರಿಗಾಗಿಯೇ ಏರ್ಪಟ್ಟವುಗಳಲ್ಲ. ಆದರೂ ಅವುಗಳಿಂದ ಹೆಚ್ಚು ಪ್ರಯೋಜನ ಪಡೆದವರು ವೃದ್ಧರೇ. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ಒಬ್ಬರು ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅರ್ಥ ಹೇಳುವ ಪೀಠ ಸಾಮಾನ್ಯವಾಗಿ ಹಿರಿಯರದೇ ಆಗಿತ್ತು. ಅಲ್ಲಿ ಮುದುಕನಾದವನು ಕರುಣೆಗೆ ಪಾತ್ರನಾದವನಲ್ಲ, ಬೇಕಾದವನು.

ಈ ಮಾತಿಗೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ನೆರೆಯಲ್ಲಿ ವಿಶಿಷ್ಟವಾದ ಒಂದು ನಿದರ್ಶನವಿದೆ. ಕೊಪ್ಪವು ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಕಾವೇರಿ ಸೇತುವೆಗೆ ಮುಂಚೆ ಸಿಗುವ ಊರು. ಹೊಳೆ ದಾಟಿದರೆ ಕೊಡಗಿನ ಕುಶಾಲನಗರ. ಕೊಪ್ಪದಿಂದ ಒಳಗೆ ತಿರುಗುವ ದಾರಿ ಬೈಲಕುಪ್ಪೆಯ ಟಿಬೆಟನ್ ವಸತಿ ಪ್ರದೇಶಕ್ಕೆ ಹೋಗುತ್ತದೆ. 1959ರ ಮಾರ್ಚಿಯಲ್ಲಿ ದಲೈಲಾಮಾ ಅವರು ಟಿಬೆಟನ್ನು ತೊರೆದು ಭಾರತಕ್ಕೆ ಬಂದ ಮೇಲೆ ಸಹಸ್ರಾರು ಜನರು ಅವರನ್ನು ಹಿಂಬಾಲಿಸಿದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಇವರಿಗೆ ನೆಲೆ ಕಲ್ಪಿಸುವಂತೆ ರಾಜ್ಯಗಳನ್ನು ಕೇಳಿಕೊಂಡಾಗ ಅಂದಿನ ಮೈಸೂರು ರಾಜ್ಯವು ಮುಂದೆ ಬಂದು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಗೇಣಿಯ ಮೇಲೆ ಒದಗಿಸಿತು. ಈ ಉಪಕಾರವನ್ನು ದಲೈಲಾಮಾ ಅವರು ಎಸ್. ನಿಜಲಿಂಗಪ್ಪನವರ ಹೆಸರಿನೊಡನೆ ಅನೇಕ ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಬಂದವರನ್ನು ಕುಲ ಕೇಳದೆ ಮನೆಯವರೆಂದು ಎಣಿಸಬೇಕೆಂಬ ಬಸವಣ್ಣನವರ ಬೋಧೆಯು ಒಂದು ಸರಕಾರದ ನಿರ್ಣಯವಾಗಿ ಫಲಿಸಿದ ಸಂದರ್ಭವಿದು.

1960ರ ಕೊನೆಯಲ್ಲಿ ಬಂದ ಮೊದಲ ತಂಡಗಳ ಮುಂದಿದ್ದುದು ಕಾಡು. ತಂಪು ನಾಡಿನ ಜನರು ಇಲ್ಲಿನ ಸೆಕೆ, ರೋಗ ಮತ್ತು ಕಾಡಾನೆಗಳ ನಡುವೆ ಮರ ಕಡಿದು, ನೆಲ ಹಸನು ಮಾಡಿ, ಜೋಳ ಬೆಳೆಯಲು ಕಲಿತರು. 1961ರಲ್ಲಿ ಲುಗ್ಸುಂಗ್ ಸಮ್ದುಪ್ಲಿಂಗ್ ಎಂಬ ಮೊದಲ ವಸತಿಯೂ 1969ರಲ್ಲಿ ಡಿಕ್ಯಿ ಲಾರ್ಸೋ ಎಂಬ ಎರಡನೆಯದೂ ರೂಪುಗೊಂಡವು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದ ಬಳಿ ಇನ್ನೊಂದು ವಸತಿಯಾಯಿತು. ಸುತ್ತಣ ಕನ್ನಡಿಗರು ಇವುಗಳ ಹಳ್ಳಿಗಳನ್ನು ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ.

ಮಕ್ಕಳಿಲ್ಲದೆ, ಬಂಧುಗಳನ್ನು ಕಳೆದುಕೊಂಡು ಗಡಿ ದಾಟಿ ಬಂದ ವೃದ್ಧರ ಪ್ರಶ್ನೆ ಮೊದಲಿನಿಂದಲೇ ಇತ್ತು. ಅಂಥವರಿಗಾಗಿ ಬೈಲಕುಪ್ಪೆಯೂ ಸೇರಿದಂತೆ ಹಲವು ವಸತಿಗಳಲ್ಲಿ ವೃದ್ಧಾಶ್ರಮಗಳು ಏರ್ಪಟ್ಟವು. ಕೇಂದ್ರೀಯ ಟಿಬೆಟನ್ ಆಡಳಿತದ ಗೃಹ ಇಲಾಖೆ ಇವುಗಳನ್ನು ನೋಡಿಕೊಳ್ಳುತ್ತದೆ. ಆದರೆ ಅಲ್ಲಿನ ವೃದ್ಧರನ್ನು ಒಂಟಿತನದಿಂದ ಕಾಯುವುದು ಕಟ್ಟಡವೊಂದೇ ಅಲ್ಲ. 1963ರಲ್ಲಿ ಪೆನೋರ್ ರಿಂಪೋಚೆ ಅವರು ಆರಂಭಿಸಿದ ನಾಮ್ಡ್ರೋಲಿಂಗ್ ಮಠವನ್ನೂ ಇತರ ಗುಡಿಗಳನ್ನೂ ಸುತ್ತುವ ‘ಕೋರಾ’ ಎಂಬ ಪ್ರದಕ್ಷಿಣೆ ಹಿರಿಯರ ದಿನಚರಿಯ ಅಂಗವಾಗಿದೆ. ಕೈಯಲ್ಲಿ ಜಪಮಾಲೆ ಅಥವಾ ಪ್ರಾರ್ಥನಾಚಕ್ರ, ಜೊತೆಯಲ್ಲಿ ಓರಗೆಯವರು. ನಡಿಗೆಯಿಂದ ದೇಹಕ್ಕೆ ವ್ಯಾಯಾಮ, ಜಪದಿಂದ ಮನಸ್ಸಿಗೆ ನೆಮ್ಮದಿ, ನಡುನಡುವೆ ಮಾತು. ಒಂದು ದಿನ ಬಾರದವರನ್ನು ಮರುದಿನ ವಿಚಾರಿಸುವುದಕ್ಕೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಾಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಕಲ ಜೀವಿಗಳ ಒಳಿತಿಗಾಗಿ ಜಪಿಸುತ್ತಿದ್ದೇನೆ ಎಂಬ ಭಾವನೆಯಿಂದ ಆ ಮುದುಕಿಯ ದಿನಕ್ಕೊಂದು ಕಾಯಕವಿದೆ. ಪಡೆಯುವವಳಾಗಿಯಷ್ಟೇ ಅಲ್ಲ, ನೀಡುವವಳಾಗಿಯೂ ಆಕೆ ಸಮುದಾಯದಲ್ಲಿರುತ್ತಾಳೆ.

ಇಂಥ ವ್ಯವಸ್ಥೆಗೂ ಕಷ್ಟ ತಪ್ಪಿದ್ದಲ್ಲ. ಜಮೀನಿನ ಆದಾಯ ಸಾಲದಾದಾಗ ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ನಗರಗಳಿಗೆ ಹೋಗುವುದು ಟಿಬೆಟನ್ನರ ವೃತ್ತಿಯಾಯಿತು. ಆ ತಿಂಗಳುಗಳಲ್ಲಿ ಕ್ಯಾಂಪುಗಳಲ್ಲಿ ಉಳಿಯುತ್ತಿದ್ದವರು ಮುಖ್ಯವಾಗಿ ವೃದ್ಧರು ಮತ್ತು ಮಕ್ಕಳು. ಅಮೆರಿಕದ 1990ರ ವಲಸೆ ಕಾಯಿದೆಯು ಭಾರತ ಮತ್ತು ನೇಪಾಳಗಳಲ್ಲಿದ್ದ 1,000 ಟಿಬೆಟನ್ನರಿಗೆ ಅವಕಾಶ ನೀಡಿದ ನಂತರ ಹೊರದೇಶಗಳಿಗೆ ವಲಸೆ ಬೆಳೆಯಿತು. ಮಕ್ಕಳು ಕಳುಹಿಸುವ ಹಣದಿಂದ ಮನೆಗಳು ಚೆನ್ನಾದವು, ಆದರೆ ಮನೆಯಲ್ಲಿ ಮಾತನಾಡುವವರು ಕಡಿಮೆಯಾದರು. ಮಕ್ಕಳು ಮೈಸೂರು ಬೆಂಗಳೂರುಗಳಿಗೆ ತೆರಳಿದ ಸುತ್ತಣ ಕನ್ನಡ ಮನೆಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಹೊರನಾಡಿನಿಂದ ಬಂದವರೂ ನೆಲದ ಮಕ್ಕಳೂ ಮುಪ್ಪಿನ ಈ ಒಂದು ಹಂತದಲ್ಲಿ ಸಮಾನದುಃಖಿಗಳಾಗಿದ್ದಾರೆ.

ಸರಕಾರಗಳು ಈ ಸಮಸ್ಯೆಯನ್ನು ಮೊದಲು ಕಂಡದ್ದು ಬಡತನದ ರೂಪದಲ್ಲಿ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾಯಿತು. 1999ರಲ್ಲಿ ವೃದ್ಧರ ರಾಷ್ಟ್ರೀಯ ನೀತಿ ಪ್ರಕಟವಾಯಿತು. ಕರ್ನಾಟಕದಲ್ಲಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಮಕ್ಕಳಿಂದ ಜೀವನಾಂಶ ಪಡೆಯುವ ಹಕ್ಕನ್ನು ನೀಡಿತು. ಜಿಲ್ಲೆಗೊಂದಾದರೂ 150 ಜನರ ವೃದ್ಧಾಶ್ರಮವಿರಬೇಕೆಂಬ ಆಶಯವನ್ನೂ ಹೇಳಿತು. ಇವೆಲ್ಲ ಅಗತ್ಯವಾದ ಕ್ರಮಗಳೇ. ಆದರೆ ಕಾನೂನು ಮಗನಿಂದ ಹಣ ಕೊಡಿಸಬಲ್ಲುದು, ಸಂಜೆಯ ಹೊತ್ತು ಅವನನ್ನು ತಾಯಿಯ ಪಕ್ಕದಲ್ಲಿ ಕುಳ್ಳಿರಿಸಲಾರದು. ಹಿಂದೆ ಪಿಂಚಣಿಯ ಹಣವನ್ನು ಅಂಚೆಯಣ್ಣ ಮನಿಯಾರ್ಡರಿನಲ್ಲಿ ಮನೆಗೆ ತರುತ್ತಿದ್ದನು; ತಿಂಗಳಿಗೊಮ್ಮೆಯಾದರೂ ಯೋಗಕ್ಷೇಮದ ನಾಲ್ಕು ಮಾತು ನಡೆಯುತ್ತಿತ್ತು. ಹಣವು ನೇರವಾಗಿ ಖಾತೆಗೆ ಸೇರತೊಡಗಿದ ಮೇಲೆ ಸೋರಿಕೆಗೆ ತಡೆ ಬಿದ್ದಿತು, ಜೊತೆಗೆ ಆ ನಾಲ್ಕು ಮಾತೂ ನಿಂತಿತು.

2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.38 ಕೋಟಿ, ಎಂದರೆ ಜನಸಂಖ್ಯೆಯ ಶೇ. 8.6. ಈ ಸಮೂಹದ ಒಂಟಿತನವನ್ನೇ ಗುರಿಯಾಗಿಟ್ಟ ಪ್ರಯತ್ನಗಳು ನಮ್ಮ ರಾಜ್ಯದಲ್ಲಿ ಮೊದಲು ನಗರಗಳಲ್ಲಿ ಕಾಣಿಸಿಕೊಂಡವು. 1998ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ನಗರ ಪೊಲೀಸರೊಡನೆ 1090 ಎಂಬ ಹಿರಿಯರ ಸಹಾಯವಾಣಿಯನ್ನು ಆರಂಭಿಸಿತು. ಹಗಲು ಹೊತ್ತು ಹಿರಿಯರು ಕೂಡುವ ಕೇಂದ್ರಗಳನ್ನೂ ನಡೆಸಿತು. 2021ರಿಂದ 14567 ಎಂಬ ಸಹಾಯವಾಣಿ ದೇಶಕ್ಕೆಲ್ಲ ಲಭ್ಯವಾಗಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ವೃದ್ಧರಿಗಾಗಿಯೇ ರೂಪಿಸಿದ್ದಲ್ಲವಾದರೂ, ಕೊಪ್ಪದ ಅಜ್ಜಿಯೊಬ್ಬರು ಬಸ್ಸಿನ ಹಣಕ್ಕೆ ಸೊಸೆಯ ಕೈ ನೋಡದೆ ಮಗಳ ಮನೆಗೋ ಜಾತ್ರೆಗೋ ಹೋಗಿಬರಲು ಅದು ದಾರಿ ಮಾಡಿದೆ. ಹಂಗು ಕಳೆಯುವುದೆಂದರೆ ಇದೇ ಅಲ್ಲವೇ? ಹೊರ ಜಗತ್ತೂ ಈಗ ಈ ವಿಷಯಕ್ಕೆ ಕಣ್ತೆರೆದಿದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಮಂತ್ರಿಯೊಬ್ಬರಿಗೆ ವಹಿಸಿದವು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ವರದಿಯಲ್ಲಿ ತಿಳಿಸಿತು.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಹಿರಿಯರಿಗೆ ಅನ್ನ ಔಷಧಿಗಳನ್ನು ಒದಗಿಸುವುದು ಕರ್ತವ್ಯದ ಮೊದಲ ಭಾಗ ಮಾತ್ರ. ಅವರು ದಿನವೂ ಹೋಗಬಹುದಾದ ಒಂದು ಸ್ಥಳ, ಹೋಗದಿದ್ದರೆ ವಿಚಾರಿಸುವ ಜನ, ಹೋದಾಗ ಮಾಡಲು ಒಂದು ಕೆಲಸ ಇವು ಉಳಿದ ಭಾಗ. ಕೊಪ್ಪದ ನೆರೆಯ ವಸತಿಗಳಲ್ಲಿ ಈ ಮೂರನ್ನೂ ಕೋರಾ ಒದಗಿಸಿದೆ. ನಮ್ಮ ಹಳ್ಳಿಗಳಲ್ಲಿ ಜಗಲಿ ಮತ್ತು ಪುರಾಣಗಳು ಒದಗಿಸಿದ್ದವು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಶಾಲೆಯಲ್ಲಿ, ಮಠದ ಅಂಗಳದಲ್ಲಿ ವಾರಕ್ಕೊಂದು ಸಂಜೆ ಹಿರಿಯರನ್ನು ಕರೆದು, ಅವರಿಂದ ಓದಿಸಿ, ಅರ್ಥ ಹೇಳಿಸಿ, ಮಕ್ಕಳಿಗೆ ಕಥೆ ಹೇಳಿಸುವುದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಬರಲಾಗದವರ ಮನೆಗೆ ಅಂದು ಸಂಜೆ ಇಬ್ಬರು ಹೋಗಿ ಬಂದರೆ ಸಾಕು. ಹೋಗುವವರು ಉಪಕಾರ ಮಾಡಲು ಬಂದವರಂತೆ ಹೋಗದೆ, ದಾಸೋಹಭಾವದಿಂದ, ಕೇಳಿ ತಿಳಿಯಲು ಬಂದವರಂತೆ ಹೋಗಬೇಕೆಂಬುದೊಂದೇ ನಿಯಮ.